ಜೇಮ್ಸ್ ಬ್ರೌನ್, ಬಿ.ಬಿ. ಕಿಂಗ್ ಕೇಳಿ ಆಯ್ತು, ಇನ್ನು ಯಾರನ್ನು ಕೇಳಲಿ?

ದೊಡ್ಡ ಹೆಸರುಗಳೆಲ್ಲ ಮುಗಿದವು, ಅಮೆರಿಕದ ಕಪ್ಪು ಜನರ ಸಂಗೀತವಾದ ಸೋಲ್, ಫಂಕ್, ಬ್ಲೂಸ್‌ನಲ್ಲಿ ಅಷ್ಟು ಗೊತ್ತಿಲ್ಲದವರು ಯಾರಿದ್ದಾರೆ ಅಂತ ಕೇಳಿದ್ದೀರಿ. ಇಪ್ಪತ್ತು ಹೆಸರು ಕೊಟ್ಟರೆ ನೀವು ಒಂದನ್ನೂ ಕೇಳಲ್ಲ, ನನಗೆ ಗೊತ್ತು. ಮೂವರನ್ನು ಹೇಳುತ್ತೇನೆ. ಮೊದಲನೆಯವರನ್ನು ನೀವು ಆಗಲೇ ಕೇಳಿದ್ದೀರಿ, ಹೆಸರು ಗೊತ್ತಿಲ್ಲ ಅಷ್ಟೇ.

ಕ್ಲೈಡ್ ಸ್ಟಬಲ್‌ಫೀಲ್ಡ್. ನಿಮ್ಮ ಜೇಮ್ಸ್ ಬ್ರೌನ್ ಹಿಂದೆ ಕೂತು ಡ್ರಮ್ಸ್ ಬಾರಿಸುತ್ತಿದ್ದವರು. 1943ರಲ್ಲಿ ಟೆನೆಸಿಯ ಚಟನೂಗದಲ್ಲಿ ಹುಟ್ಟಿದರು. ಯಾರ ಹತ್ತಿರವೂ ಕೂತು ಕಲಿತವರಲ್ಲ. ಊರಿನ ಫ್ಯಾಕ್ಟರಿಯ ಸದ್ದು, ಓಡುವ ರೈಲಿನ ಸದ್ದು, ಇವೇ ಪಾಠ. 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ 'ಫಂಕಿ ಡ್ರಮ್ಮರ್' ರೆಕಾರ್ಡ್ ಆಯ್ತು. ಒಂಬತ್ತು ನಿಮಿಷದ ಪೂರ್ತಿ ಹಾಡನ್ನೇ ಹಾಕಿ. ಐದು ನಿಮಿಷ ದಾಟಿದ ಮೇಲೆ ಬ್ರೌನ್ ಬೇರೆಯವರನ್ನು ನಿಲ್ಲಿಸುತ್ತಾರೆ, ಸೋಲೋ ಏನೂ ಬೇಡ, ಈಗ ಬಾರಿಸುತ್ತಿರೋದನ್ನೇ ಬಾರಿಸು ಅಂತಾರೆ, ಆಮೇಲೆ ಸುಮಾರು 20 ಸೆಕೆಂಡ್ ಬರೀ ಡ್ರಮ್ಸ್. ಜೋರು ಪೆಟ್ಟುಗಳನ್ನು ಬಿಟ್ಟು ಅವುಗಳ ಮಧ್ಯೆ ಕೇಳಿ. ಎಡಗೈ ಕೋಲು ಸ್ನೇರ್ ಅನ್ನೋ ಚಿಕ್ಕ ಡ್ರಮ್ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಆಡುತ್ತಿರುತ್ತದೆ. ಇದಕ್ಕೆ ಗೋಸ್ಟ್ ನೋಟ್ ಅಂತಾರೆ. ನಾನು ಊಟದ ಟೇಬಲ್ ಮೇಲೆ ಬೆರಳಲ್ಲಿ ಎಷ್ಟು ಸಲ ಪ್ರಯತ್ನ ಮಾಡಿದ್ದೇನೋ, ಜೋರು ಪೆಟ್ಟು ಬರುತ್ತೆ, ಆ ಪಿಸುಮಾತು ಮಾತ್ರ ಬರಲ್ಲ.

1980ರ ದಶಕದಲ್ಲಿ ಹಳೆ ರೆಕಾರ್ಡಿನ ತುಣುಕು ಹಿಡಿದು ಮತ್ತೆ ನುಡಿಸುವ ಯಂತ್ರ, ಸ್ಯಾಂಪ್ಲರ್, ಬಂದಿದ್ದೇ ಬಂದಿದ್ದು, ರ‍್ಯಾಪ್‌ನವರು ಆ ತುಣುಕನ್ನು ಕತ್ತರಿಸಿ ತಿರುಗಿಸಿ ತಿರುಗಿಸಿ ಹಾಕಿಕೊಂಡರು. ಪಬ್ಲಿಕ್ ಎನಿಮಿಯ 'ಫೈಟ್ ದ ಪವರ್'ನಲ್ಲಿ ಅದಿದೆ, ರ‍್ಯಾಪ್‌ಗೆ ಸಂಬಂಧವೇ ಇಲ್ಲದ ಜಾರ್ಜ್ ಮೈಕೇಲ್ ಹಾಡಲ್ಲೂ ಇದೆ. ನೂರಾರು ಹಾಡುಗಳು. ಕ್ಲೈಡ್‌ಗೆ ಸಿಕ್ಕಿದ್ದು? ಹಾಡಿನ ರಚನೆ ಬ್ರೌನ್ ಒಬ್ಬರ ಹೆಸರಲ್ಲೇ ಇತ್ತು, ಹಾಗಾಗಿ ರಾಯಲ್ಟಿ ಅಂತ ಇವರ ಕೈಗೆ ಬರಲಿಲ್ಲ. 1970ರ ದಶಕದ ಶುರುವಿನಲ್ಲೇ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಸೇರಿ, ವರ್ಷಗಟ್ಟಲೆ ಸೋಮವಾರ ರಾತ್ರಿ ಅಲ್ಲಿನ ಬಾರ್‌ಗಳಲ್ಲಿ ಬಾರಿಸುತ್ತಿದ್ದರು. ಕ್ಯಾನ್ಸರ್ ಬಂದಾಗ ಆಸ್ಪತ್ರೆಯ ಹತ್ತಾರು ಸಾವಿರ ಡಾಲರ್ ಬಿಲ್ಲನ್ನು ಗಾಯಕ ಪ್ರಿನ್ಸ್ ಸದ್ದಿಲ್ಲದೆ ಕಟ್ಟಿದ್ದರಂತೆ. ಪ್ರಿನ್ಸ್ ಹೋದ ಮೇಲಷ್ಟೇ ಅದು ಹೊರಗೆ ಬಂತು. ಕ್ಲೈಡ್ ತೀರಿಕೊಂಡಿದ್ದು 2017ರಲ್ಲಿ.

ಎರಡನೆಯವರು ಜೇಮ್ಸ್ ಕಾರ್, ಮೆಂಫಿಸ್‌ನ ಸೋಲ್ ಗಾಯಕ. 'ದ ಡಾರ್ಕ್ ಎಂಡ್ ಆಫ್ ದ ಸ್ಟ್ರೀಟ್' ಒಂದು ಕೇಳಿ ಸಾಕು. ಕದ್ದು ಭೇಟಿ ಆಗುವ ಇಬ್ಬರ ಹಾಡು. ಅರೀತಾ ಫ್ರ್ಯಾಂಕ್ಲಿನ್ ಸೇರಿ ಎಷ್ಟೋ ಜನ ಹಾಡಿದ್ದಾರೆ, ಆದರೆ ಸಿಕ್ಕಿಬೀಳುವ ಭಯ ಕೇಳಿಸೋದು ಇವರ ದನಿಯಲ್ಲಿ ಮಾತ್ರ. ಮನಸ್ಸಿನ ಕಾಯಿಲೆ ಕೊನೆತನಕ ಬಿಡಲಿಲ್ಲ. 1979ರಲ್ಲಿ ಜಪಾನ್‌ಗೆ ಹೋಗಿ, ವೇದಿಕೆ ಮೇಲೆ ಹಾಡದೆ ಸುಮ್ನೆ ನಿಂತುಬಿಟ್ಟರು. 2001ರಲ್ಲಿ ಹೋದರು.

ಇನ್ನೊಬ್ಬರು ಎಲಿಜಬೆತ್ ಕಾಟನ್. ಇವರದು ಬ್ಲೂಸೋ ಜಾನಪದವೋ ಅಂತ ಜಗಳ ತೆಗೆಯೋರಿದ್ದಾರೆ, ಅದನ್ನು ಬಿಡಿ. ನಾರ್ತ್ ಕ್ಯಾರೊಲೈನಾದವರು, ಎಡಚಿ. ಬಲಗೈಯವರ ಗಿಟಾರನ್ನು ತಂತಿ ಬದಲಾಯಿಸದೆ ಹಾಗೇ ತಲೆಕೆಳಗು ಹಿಡಿದು ನುಡಿಸುತ್ತಿದ್ದರು. ಹನ್ನೊಂದು ಹನ್ನೆರಡು ವರ್ಷಕ್ಕೇ 'ಫ್ರೈಟ್ ಟ್ರೇನ್' ಕಟ್ಟಿದವರು, ಮದುವೆ, ಚರ್ಚು, ಮನೆಗೆಲಸ ಅಂತ ಗಿಟಾರ್ ಬಿಟ್ಟೇಬಿಟ್ಟರು. ಮುಂದೆ ವಾಷಿಂಗ್ಟನ್‌ನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಮಾಡುವಾಗ ಕಳೆದುಹೋಗಿದ್ದ ಹುಡುಗಿಯೊಬ್ಬಳನ್ನು ತಾಯಿಗೆ ಒಪ್ಪಿಸಿದರು. ಆ ಹುಡುಗಿ ಪೆಗ್ಗಿ ಸೀಗರ್, ಮನೆಮಂದಿಯೆಲ್ಲ ಸಂಗೀತದವರು. ಕಾಟನ್ ಅದೇ ಮನೆಗೆ ಕೆಲಸಕ್ಕೆ ಸೇರಿ, ಗೋಡೆಗೆ ನೇತುಹಾಕಿದ್ದ ಗಿಟಾರ್ ತೆಗೆದು ಮತ್ತೆ ನುಡಿಸೋಕೆ ಶುರು ಮಾಡಿದರು. 1957ರಲ್ಲಿ ಇಂಗ್ಲೆಂಡಿನಲ್ಲಿ ಇವರ 'ಫ್ರೈಟ್ ಟ್ರೇನ್' ಬೇರೆಯವರ ದನಿಯಲ್ಲಿ ಹಿಟ್ ಆಯ್ತು, ಅದೂ ಬೇರೆಯವರು ಬರೆದದ್ದು ಅಂತ! ಮೊದಲ ಆಲ್ಬಂ ಬಂದಿದ್ದು 1958ರಲ್ಲಿ, ಗ್ರ್ಯಾಮಿ ಬಂದಿದ್ದು 90 ತುಂಬಿದ ಮೇಲೆ. ವಿಡಿಯೋ ಇದೆ, ಹುಡುಕಿ ನೋಡಿ. ಬೇರೆಯವರು ಹೆಬ್ಬೆರಳಲ್ಲಿ ಬೇಸ್, ಅಂದರೆ ಕೆಳಗಿನ ದಪ್ಪ ಸ್ವರ, ನುಡಿಸುತ್ತಾರಲ್ವಾ, ಈ ಅಜ್ಜಿ ಹೆಬ್ಬೆರಳಲ್ಲಿ ರಾಗ ನುಡಿಸ್ತಾರೆ, ಬೇಸ್ ಎಲ್ಲ ಉಳಿದ ಬೆರಳುಗಳದ್ದು.