ಕ್ಯಾಚ್ ಹಿಡಿಯುವಾಗ ಬಾಗಿದ ಬೆರಳು

ಪ್ರಶ್ನೆ: ಮಗನಿಗೆ 13 ವರ್ಷ. ಲೆದರ್ ಬಾಲ್ ಕ್ಯಾಚ್ ಹಿಡಿಯುವಾಗ ಚೆಂಡು ಉಂಗುರ ಬೆರಳಿನ ತುದಿಗೆ ಬಡಿಯಿತು. ನಾಲ್ಕು ದಿನವಾಯಿತು, ನೋವು ಕಡಿಮೆಯಾಗಿದೆ. ಆದರೆ ತುದಿ ಬಾಗಿಯೇ ಇದೆ, ತಾನಾಗಿ ನೆಟ್ಟಗಾಗುತ್ತಿಲ್ಲ. ಎಳೆಸಿದರೆ ಸರಿಹೋಗುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ಎಳೆಸಲೇಬೇಡಿ. ತುದಿಯನ್ನು ಮೇಲೆತ್ತುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ) ಹರಿದಿರಬೇಕು, ಇಲ್ಲವೇ ಅದರೊಂದಿಗೆ ಮೂಳೆಯ ಚೂರು ಕಿತ್ತುಬಂದಿರಬೇಕು. ಇದಕ್ಕೆ ಮ್ಯಾಲೆಟ್ ಫಿಂಗರ್ ಎನ್ನುತ್ತಾರೆ. ಈ ವಯಸ್ಸಿನಲ್ಲಿ ಮೂಳೆ ಬೆಳೆಯುವ ಪದರವೂ ಅಲ್ಲೇ ಇರುವುದರಿಂದ ಎಕ್ಸ್‌ರೇ ಬೇಕೇ ಬೇಕು. ಉಗುರಿನ ಬುಡದಲ್ಲಿ ರಕ್ತ ಕಂಡರೆ ಅಥವಾ ಉಗುರು ಬುಡದಿಂದ ಎದ್ದಿದ್ದರೆ ಇವತ್ತೇ ಮೂಳೆ ವೈದ್ಯರ ಬಳಿ ಹೋಗಿ. ಒಳಗೆ ಮುರಿದಿದ್ದರೆ ಮೂಳೆಗೆ ಸೋಂಕು ತಗಲಬಹುದು.

ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ತುದಿಯ ಗೆಣ್ಣು ಮಾತ್ರ ನೆಟ್ಟಗಿರುವಂತೆ 6ರಿಂದ 8 ವಾರ, ಹಗಲೂ ರಾತ್ರಿ, ಸ್ಪ್ಲಿಂಟ್ (ಗೆಣ್ಣು ಅಲುಗದಂತೆ ಹಿಡಿದಿಡುವ ಗಟ್ಟಿ ಪಟ್ಟಿ) ಹಾಕುತ್ತಾರೆ. ನಡುಗೆಣ್ಣು ಮಡಚುತ್ತಿರಲಿ, ಇಲ್ಲದಿದ್ದರೆ ಅದೂ ಬಿಗಿಯುತ್ತದೆ. ಕೆಡುವುದು ಬಹುಮಟ್ಟಿಗೆ ಸ್ನಾನದ ಮನೆಯಲ್ಲಿ: ಸ್ಪ್ಲಿಂಟ್ ತೆಗೆದಾಗ ತುದಿ ಒಮ್ಮೆ ಜೋತುಬಿದ್ದರೂ ವಾರಗಳ ಲೆಕ್ಕ ಮತ್ತೆ ಮೊದಲಿನಿಂದ. ತೊಳೆಯಬೇಕಾದರೆ ಬೆರಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿಟ್ಟು ಸ್ಪ್ಲಿಂಟ್ ಜಾರಿಸಿ, ಒರೆಸಿ, ಚರ್ಮ ಪೂರ್ತಿ ಒಣಗಿದ ಮೇಲೆ ಹಾಗೆಯೇ ತೊಡಿಸಿ. ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತುವುದು ನಡುಗೆಣ್ಣು ಉಳುಕಿದಾಗ ಸರಿ, ಇಲ್ಲಿ ಉಪಯೋಗವಿಲ್ಲ.