ಉದ್ಯೋಗ ಸಮಾಲೋಚನೆ: ಹಾಲಿನ ಡೇರಿಯ ಅನುಭವ ಅನುಭವವಲ್ಲವೇ?

ಪ್ರಶ್ನೆ: ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಮೊದಲು ಹಾಲು ಪರೀಕ್ಷಕಿಯಾಗಿ, ಆಮೇಲೆ ಕಾರ್ಯದರ್ಶಿಯಾಗಿ ಒಟ್ಟು ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಸಂಘದಲ್ಲಿ 110 ಸದಸ್ಯರಿದ್ದರು, ದಿನಕ್ಕೆ ಸುಮಾರು 600 ಲೀಟರ್ ಹಾಲು ಬರುತ್ತಿತ್ತು. ದೂರ ಶಿಕ್ಷಣದಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಮಕ್ಕಳ ಓದಿಗಾಗಿ ಈಗ ಮೈಸೂರಿಗೆ ಬಂದಿದ್ದೇವೆ. ಒಂದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೂ ಒಂದು ಸಗಟು ಔಷಧ ಮಳಿಗೆಯ ಉಗ್ರಾಣಕ್ಕೂ ಅರ್ಜಿ ಹಾಕಿದ್ದೆ. ಎರಡೂ ಕಡೆ ಕಚೇರಿ ಅನುಭವ ಇದೆಯೇ ಎಂದು ಕೇಳಿದರು, ಇಲ್ಲವೆಂದೆ. ಮುಂದಿನ ಅರ್ಜಿಯಲ್ಲಿ ಏನು ಬರೆಯಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಇಲ್ಲವೆಂದು ಹೇಳಬಾರದಿತ್ತು. ಹಲವು ವರ್ಷ ಸಂದರ್ಶನ ಮಂಡಳಿಗಳಲ್ಲಿ ಕುಳಿತವನಾಗಿ ಹೇಳುತ್ತೇನೆ, ನಿಮ್ಮಂತೆಯೇ ಹಳ್ಳಿಯ ಸಂಘಗಳಲ್ಲಿ, ಅಂಗನವಾಡಿಗಳಲ್ಲಿ, ಮನೆಯವರ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದವರು ಅದನ್ನು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯದೆ ಬರಿಗೈಯಲ್ಲಿ ಬಂದವರಂತೆ ಕುಳಿತುಬಿಡುತ್ತಾರೆ. ಒಂದು ಕಡೆ ಕಲಿತು ಇನ್ನೊಂದು ಕಡೆಗೆ ಒಯ್ಯಬಹುದಾದ ಕೌಶಲಗಳನ್ನೇ ಕಂಪನಿಯವರು ಟ್ರಾನ್ಸ್‌ಫರೆಬಲ್ ಸ್ಕಿಲ್ಸ್ ಎಂದು ಕರೆಯುವುದು. ಆದರೆ 'ಪ್ರಾಮಾಣಿಕಳು', 'ಶ್ರಮಜೀವಿ', 'ಎಲ್ಲರೊಂದಿಗೆ ಹೊಂದಿಕೊಳ್ಳುವವಳು' ಎಂದು ಬರೆದರೆ ಅವು ಎಲ್ಲಿಗೂ ಹೋಗುವುದಿಲ್ಲ, ಏಕೆಂದರೆ ಎಲ್ಲರ ಅರ್ಜಿಯಲ್ಲೂ ಆ ಮಾತುಗಳೇ ಇರುತ್ತವೆ. ಮಾಡಿದ ಕೆಲಸವನ್ನು ಎಷ್ಟು, ಹೇಗೆ, ತೊಡಕು ಬಂದಾಗ ಏನು ಮಾಡಿದಿರಿ ಎಂಬ ವಿವರದೊಂದಿಗೆ ಹೇಳಿದಾಗ ಮಾತ್ರ ಕೇಳುವವರಿಗೆ ಅದರಲ್ಲಿ ತಮ್ಮ ಕೆಲಸದ ಹೋಲಿಕೆ ಕಾಣುತ್ತದೆ.

ಒಂದು ಉದಾಹರಣೆಯನ್ನು ನಿಮ್ಮ ಕೆಲಸದಿಂದಲೇ ತೆಗೆದುಕೊಳ್ಳೋಣ. ಆಗ ತಾನೇ ಕರೆದ ಬೆಚ್ಚಗಿನ ಹಾಲನ್ನು ಸದಸ್ಯೆಯೊಬ್ಬರು ಓಡುತ್ತಾ ತಂದು ಸುರಿಯುತ್ತಾರೆ. ಬೆಚ್ಚಗಿನ ಹಾಲಿನಲ್ಲಿ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಸ್ವಲ್ಪ ಹೆಚ್ಚು ಮುಳುಗಿ ಕಡಿಮೆ ಅಂಕ ತೋರಿಸುತ್ತದೆ. ನೀರು ಬೆರೆತಿದ್ದರೂ ಅಂಕ ಇಳಿಯುತ್ತದೆ. ಹಾಲಿನ ಉಷ್ಣಾಂಶ ನೋಡಿ ಅಂಕವನ್ನು ತಿದ್ದಿಕೊಳ್ಳದೆ 'ನೀರು ಹಾಕಿದ್ದೀಯಮ್ಮ' ಎಂದುಬಿಟ್ಟರೆ ಸಾಲಿನಲ್ಲಿ ನಿಂತ ನಲವತ್ತು ಜನರೆದುರು ಒಬ್ಬ ಹೆಂಗಸಿನ ಮರ್ಯಾದೆ ಹೋಗುತ್ತದೆ, ಮರುದಿನ ಆ ಮನೆಯ ಹಾಲು ಖಾಸಗಿ ಡೇರಿಗೆ ಹೋಗುತ್ತದೆ. ನಿಜವಾಗಿ ನೀರು ಬೆರೆತಿದ್ದಾಗ ಸುಮ್ಮನಿದ್ದರೆ ಇಡೀ ಕ್ಯಾನಿನ ಗುಣಮಟ್ಟ ಇಳಿದು, ಶುದ್ಧ ಹಾಲು ಹಾಕಿದವರಿಗೂ ನಷ್ಟವಾಗುತ್ತದೆ. ಹೀಗೆ ಎರಡು ಹೊತ್ತೂ ಜನ ಕಾದು ನಿಂತಿರುವಾಗ ಅಳತೆಯನ್ನು ನಂಬಿ ನಿರ್ಧರಿಸುವುದು, ಆ ನಿರ್ಧಾರವನ್ನು ಎದುರಿಗಿರುವವರ ಮನಸ್ಸು ಮುರಿಯದಂತೆ ತಿಳಿಸುವುದು, ಲಾರಿ ಬರುವ ಹೊತ್ತಿಗೆ ಎಲ್ಲವನ್ನೂ ಮುಗಿಸುವುದು ನಿಮಗೆ ಒಂಬತ್ತು ವರ್ಷದ ಅಭ್ಯಾಸ. ಆಸ್ಪತ್ರೆಯ ಬಿಲ್ಲಿಂಗ್ ಕಿಟಕಿಯ ಹಿಂದೆ ಕುಳಿತವರಿಗೆ ಬೇಕಾದದ್ದೂ ಇದೇ. ಅಲ್ಲಿಯೂ ಆತಂಕದಲ್ಲಿರುವ ಜನ, ಹಣದ ಮಾತು, ಉದ್ದದ ಸಾಲು.

ಉಗ್ರಾಣದ ಕೆಲಸಕ್ಕಂತೂ ನಿಮ್ಮ ಅನುಭವ ಇನ್ನೂ ಹತ್ತಿರದ್ದು. ಸಂಘದಲ್ಲಿ ಅಳೆದು ಟ್ರಕ್ ಶೀಟಿನಲ್ಲಿ ಬರೆದು ಕಳುಹಿಸಿದ ಹಾಲಿಗೂ ಒಕ್ಕೂಟದ ಡೇರಿಯಲ್ಲಿ ಅಳೆದ ಹಾಲಿಗೂ ವ್ಯತ್ಯಾಸ ಬಂದರೆ ಅದು ಎಲ್ಲಿ ಬಂತೆಂದು ಹುಡುಕಿದವರು ನೀವು. ಪಶು ಆಹಾರದ ದಾಸ್ತಾನು, ಸದಸ್ಯರ ಬಟವಾಡೆ, ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನದ ಪಟ್ಟಿ, ಆಡಳಿತ ಮಂಡಳಿಯ ನಡಾವಳಿ ಪುಸ್ತಕ ಎಲ್ಲವೂ ನಿಮ್ಮ ಕೈಯಲ್ಲೇ ಇದ್ದಿರಬೇಕು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ಸಂಘದ ಲೆಕ್ಕಪತ್ರ ಪ್ರತಿ ವರ್ಷ ಲೆಕ್ಕಪರಿಶೋಧನೆಗೆ ಒಳಪಡಬೇಕಾದ್ದರಿಂದ, ಹೊರಗಿನವರು ಬಂದು ತಪಾಸಣೆ ಮಾಡುವ ಲೆಕ್ಕವನ್ನು ನೀವು ಬರೆದಿದ್ದೀರಿ. ಆದ್ದರಿಂದ ಅರ್ಜಿಯಲ್ಲಿ ಹೀಗೆ ಬರೆಯಿರಿ: '110 ಸದಸ್ಯರ ಸಂಘದಲ್ಲಿ ದಿನಕ್ಕೆ ಎರಡು ಬಾರಿ, ಒಟ್ಟು ಸುಮಾರು 600 ಲೀಟರ್ ಹಾಲಿನ ಪರೀಕ್ಷೆ, ದಾಖಲೆ ಮತ್ತು ಪಾವತಿಯ ಹೊಣೆ, ರವಾನೆ ಮತ್ತು ಸ್ವೀಕೃತಿಯ ತಾಳೆ, ವಾರ್ಷಿಕ ಲೆಕ್ಕಪರಿಶೋಧನೆಗೆ ದಾಖಲೆ ಸಿದ್ಧತೆ.' ಸಂಘದ ಅಧ್ಯಕ್ಷರಿಂದ ಅನುಭವ ಪತ್ರ ಪಡೆಯಿರಿ. ಲೆಕ್ಕಪರಿಶೋಧನಾ ವರದಿಯಲ್ಲಿ ಆಕ್ಷೇಪಣೆಗಳಿಲ್ಲದ ವರ್ಷಗಳಿದ್ದರೆ ಅದನ್ನೂ ಆ ಪತ್ರದಲ್ಲಿ ನಮೂದಿಸಲು ಕೇಳಿ.

ಎಲ್ಲವೂ ಹಾಗೆಯೇ ಹೊಸ ಕೆಲಸಕ್ಕೆ ಒದಗುತ್ತದೆಂದು ಹೇಳಿ ನಿಮ್ಮನ್ನು ದಾರಿ ತಪ್ಪಿಸಲಾರೆ. ಔಷಧದ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕದ ಲೆಕ್ಕ, ವಿಮೆಯ ಕಾಗದಪತ್ರ, ಟ್ಯಾಲಿ ಮತ್ತು ಎಕ್ಸೆಲ್ ಇವನ್ನು ಹೊಸದಾಗಿಯೇ ಕಲಿಯಬೇಕು. ಟ್ಯಾಲಿ ತರಗತಿಗೆ ಈಗಲೇ ಸೇರಿ, ಸೇರಿರುವುದನ್ನು ಅರ್ಜಿಯಲ್ಲಿ ತಿಳಿಸಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕೆಲಸ ಮಾಡಿ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಆದರೆ ನೀವು ಹುಡುಕುತ್ತಿರುವ ಕೆಲಸಗಳಿಗೆ ಅದಕ್ಕಿಂತ ಸಂಘದ ಅನುಭವ ಪತ್ರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ. ಕೆಎಎಸ್ ಮತ್ತು ಪಿಡಿಒ ಪರೀಕ್ಷೆಗಳಿಗೆಂದು ನಾಲ್ಕು ವರ್ಷ ಧಾರವಾಡದಲ್ಲಿ ರೂಮು ಮಾಡಿಕೊಂಡು ಓದಿದೆ, ಆಯ್ಕೆಯಾಗಲಿಲ್ಲ. ಗೆಳೆಯರು ಯಾವುದಾದರೂ ಅನುಭವ ಪತ್ರ ಮಾಡಿಸಿಕೋ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಗದಗ

ಉತ್ತರ: ಸುಳ್ಳು ಅನುಭವ ಪತ್ರವನ್ನು ಖಂಡಿತ ಮಾಡಿಸಬೇಡಿ. ಹಿಂದಿನ ಕೆಲಸದ ಬಗ್ಗೆ ವಿಚಾರಿಸಿದಾಗ ಅದು ಬಯಲಾದರೆ ಸಿಕ್ಕ ಕೆಲಸವೂ ಹೋಗುತ್ತದೆ. ನಾಲ್ಕು ವರ್ಷ ಪರೀಕ್ಷೆಗೆ ಓದಿದೆ ಎಂದು ನೇರವಾಗಿ ಹೇಳಿ, ನಮ್ಮ ರಾಜ್ಯದಲ್ಲಿ ಇದು ಯಾರಿಗೂ ಅರ್ಥವಾಗದ ಸಂಗತಿಯಲ್ಲ. ಆದರೆ ಆ ಓದಿನಿಂದ ಬಂದದ್ದನ್ನು ತೋರಿಸಬೇಕು. ಮುಖ್ಯ ಪರೀಕ್ಷೆಗೆ ಅಭ್ಯಾಸ ಮಾಡಿದವರಿಗೆ ನೂರು ಪುಟದ ವರದಿಯನ್ನು ಓದಿ, ಗಡಿಯಾರ ನೋಡುತ್ತಾ ಅದರ ಸಾರವನ್ನು ಒಂದು ಪುಟಕ್ಕೆ ಇಳಿಸುವುದು ಬರುತ್ತದೆ. ಸ್ವಯಂಸೇವಾ ಸಂಸ್ಥೆಗಳ ದಾಖಲಾತಿ ವಿಭಾಗಕ್ಕೆ, ಪ್ರಕಾಶನ ಸಂಸ್ಥೆಗಳಿಗೆ, ಸುದ್ದಿಮನೆಗಳಿಗೆ ಇಂಥವರು ನಿಜವಾಗಿಯೂ ಬೇಕು. ರಾಜ್ಯದ ಆರ್ಥಿಕ ಸಮೀಕ್ಷೆಯಿಂದ ಒಂದು ಅಧ್ಯಾಯ ತೆಗೆದುಕೊಂಡು ಒಂದು ಪುಟದ ಕನ್ನಡ ಸಾರಾಂಶ ಬರೆದು ಅರ್ಜಿಯ ಜೊತೆಗಿಡಿ. ನಿಮ್ಮಲ್ಲಿ ಇನ್ನೂ ಇಲ್ಲದಿರುವುದೆಂದರೆ ಮತ್ತೊಬ್ಬರ ಜೊತೆ, ಮತ್ತೊಬ್ಬರ ಗಡುವಿಗೆ ಒಳಪಟ್ಟು ಮಾಡಿದ ಕೆಲಸ. ಅದಕ್ಕಾಗಿ ಮೊದಲ ಆರು ತಿಂಗಳು ಕಡಿಮೆ ಸಂಬಳವಾದರೂ ಒಪ್ಪಿಕೊಳ್ಳಬಹುದು, ಸಂಬಳವೇ ಇಲ್ಲದ ಕೆಲಸವನ್ನು ಒಪ್ಪಬೇಡಿ.

ಪ್ರಶ್ನೆ: ಡಿಪ್ಲೊಮಾ ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿದ್ದೇನೆ. ಎಲ್ಲ ಜಾಹೀರಾತುಗಳಲ್ಲೂ 'ಉತ್ತಮ ಸಂವಹನ ಕೌಶಲ' ಬೇಕೆಂದಿರುತ್ತದೆ. ಹಾಗೆಂದರೆ ಇಂಗ್ಲಿಷ್ ಮಾತನಾಡುವುದೇ?
– ವಿದ್ಯಾರ್ಥಿ, ಭದ್ರಾವತಿ

ಉತ್ತರ: ಅಲ್ಲ, ಇಂಗ್ಲಿಷ್ ಅದರಲ್ಲಿ ಒಂದು ಭಾಗ ಮಾತ್ರ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹೋಗುವವನು ಬೆಳಗಿನ ಪಾಳಿಯವನಿಗೆ 'ಮೂರನೇ ಮೆಷಿನ್ ಸರಿಯಿಲ್ಲ, ನೋಡಿಕೋ' ಎಂದು ಹೇಳಿ ಹೋದರೆ ಬಂದವನು ಒಂದು ಗಂಟೆ ಹುಡುಕಬೇಕಾಗುತ್ತದೆ. 'ಮೂರನೇ ಮೆಷಿನ್ನಿನ ಬೇರಿಂಗ್ ಎರಡು ಗಂಟೆಯಿಂದ ಬಿಸಿಯಾಗುತ್ತಿದೆ, ಗ್ರೀಸ್ ಹಾಕಿದೆ, ಆದರೂ ಸದ್ದು ನಿಂತಿಲ್ಲ, ಮೇಂಟೆನೆನ್ಸ್‌ನವರಿಗೆ ಹೇಳಿದ್ದೇನೆ' ಎಂದರೆ ಬಂದವನು ನೇರವಾಗಿ ಕೆಲಸಕ್ಕೆ ಇಳಿಯಬಹುದು. ಏನಾಯಿತು, ಯಾವಾಗ, ನೀವೇನು ಮಾಡಿದಿರಿ, ಇನ್ನೇನು ಬಾಕಿ ಇದೆ ಎಂಬುದನ್ನು ಹೀಗೆ ಬಿಡಿಸಿ ಹೇಳಲು ಕನ್ನಡದಲ್ಲೇ ಮೊದಲು ರೂಢಿ ಮಾಡಿಕೊಳ್ಳಿ. ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಪ್ರತಿ ಅಭ್ಯಾಸದ ನಂತರ ಈ ನಾಲ್ಕನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ವಾರಕ್ಕೊಂದನ್ನು ಸರಳ ಇಂಗ್ಲಿಷಿಗೆ ತಂದು ಅಧ್ಯಾಪಕರಿಗೆ ತೋರಿಸಿ. ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ಕನ್ನು ಜೊತೆಯಲ್ಲೇ ಒಯ್ಯಿರಿ.