ಕೆಸರು ಮುಳುಗುತ್ತದಾ, ಮೇಲೇಳುತ್ತದಾ?

ಪ್ರಶ್ನೆ: ಮಗಳು ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ನಮ್ಮನ್ನು ವಾಡನ್ ಸಮುದ್ರಕ್ಕೆ ಕರೆದುಕೊಂಡು ಹೋಗಿದ್ದಳು. ನೀರು ಇಳಿದಾಗ ಗೈಡ್ ಜೊತೆ ಕೆಸರಿನಲ್ಲೇ ನಡೆದು ಅಮೆಲಾಂಡ್ ದ್ವೀಪ ಮುಟ್ಟಿದೆವು. ಸಮುದ್ರಮಟ್ಟ ಏರಿದರೆ ಇದೆಲ್ಲ ಮುಳುಗಿಹೋಗುತ್ತದೆ ಅಂತ ಮಗಳು. ಗೈಡ್ ಮಾತ್ರ ‘ಕೆಸರೂ ಜೊತೆಗೇ ಏರುತ್ತದೆ’ ಅಂದ. ಯಾರನ್ನು ನಂಬಲಿ? ನಮ್ಮ ಅಘನಾಶಿನಿ ಕಥೆ ಏನು?
— ಓದುಗರೊಬ್ಬರು, ಕುಮಟಾ

ಉತ್ತರ: ಸದ್ಯಕ್ಕೆ ಗೈಡ್ ಗೆದ್ದ. ಮುಂದೆ ಮಗಳು ಗೆಲ್ಲಬಹುದು.

ನಡೆಯುವಾಗ ಗಮನಿಸಿರುತ್ತೀರಿ, ದಡದ ಹತ್ತಿರ ಮೊಣಕಾಲವರೆಗೂ ಹೂತುಹೋಗುವ ರಾಡಿ, ಆಮೇಲೆ ಗಟ್ಟಿ ಮರಳು, ಅದರ ಮೇಲೆಲ್ಲ ಶಾವಿಗೆ ಹಿಂಡಿಟ್ಟಂತೆ ಹುಳದ ಹಿಕ್ಕೆಯ ಗುಪ್ಪೆಗಳು. ಇದೆಲ್ಲ ಸಮುದ್ರವೇ ಹೊತ್ತು ತಂದದ್ದು. ಉಬ್ಬರದ ನೀರು ದ್ವೀಪಗಳ ನಡುವಿನ ಅಳಿವೆಯಿಂದ ಒಳಗೆ ನುಗ್ಗುವಾಗ ಮರಳು, ಮಣ್ಣು ಎರಡೂ ಜೊತೆಗೆ ಬರುತ್ತವೆ. ಒಳಗೆ ಹೋದಷ್ಟೂ ನೀರಿನ ವೇಗ ಕಡಿಮೆಯಾಗುತ್ತದೆ, ಹೊತ್ತದ್ದು ಕೆಳಗೆ ಕೂರುತ್ತದೆ. ಇಳಿತದ ನೀರಿಗೆ ಅಷ್ಟನ್ನೂ ವಾಪಸ್ ಎಬ್ಬಿಸಿಕೊಂಡು ಹೋಗಲು ಆಗುವುದಿಲ್ಲ. ಸಮುದ್ರ ಸ್ವಲ್ಪ ಏರಿದರೆ ಕೆಸರುಬಯಲಿನ ಮೇಲೆ ನೀರು ಆಳವಾಗುತ್ತದೆ, ಹರಿವು ನಿಧಾನವಾಗುತ್ತದೆ, ಇನ್ನಷ್ಟು ಮಣ್ಣು ಕೂರುತ್ತದೆ. ಹೀಗೆ ತಾನಾಗಿಯೇ ಸರಿತೂಗುತ್ತದೆ. ಅಮೆಲಾಂಡ್ ಪೂರ್ವ ತುದಿಯಲ್ಲಿ 1986ರಿಂದ ಗ್ಯಾಸ್ ತೆಗೆದು ನೆಲ 30 ಸೆಂ.ಮೀ.ಗೂ ಜಾಸ್ತಿ ಕುಸಿಯಿತು. ಪಕ್ಕದ ಕೆಸರುಬಯಲಲ್ಲಿ ಮಾತ್ರ ಬಿದ್ದ ತಗ್ಗನ್ನು ಸಮುದ್ರವೇ ತುಂಬುತ್ತಾ ಬಂತು.

ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಸಮುದ್ರ ಎಷ್ಟು ಏರಿತು ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು ಅನ್ನುವುದು. ಡಚ್ ಕರಾವಳಿಯಲ್ಲಿ ಕಳೆದ ಶತಮಾನದಲ್ಲಿ ವರ್ಷಕ್ಕೆ ಸುಮಾರು 2 ಮಿ.ಮೀ. ಏರುತ್ತಿತ್ತು, ಈಚೆಗೆ 3ರ ಹತ್ತಿರ ಬಂದಿದೆ. ಅಲ್ಲಿನ ವಿಜ್ಞಾನಿಗಳ ಲೆಕ್ಕದಲ್ಲಿ ನೀವು ನಡೆದ ಅಮೆಲಾಂಡ್ ಭಾಗ ವರ್ಷಕ್ಕೆ 10 ಮಿ.ಮೀ.ವರೆಗೆ ತಾಳಿಕೊಳ್ಳುತ್ತದೆ, ಪಶ್ಚಿಮದ ದೊಡ್ಡ ಫ್ಲೀ ಭಾಗಕ್ಕೆ 6 ದಾಟಿದರೇ ಕಷ್ಟ. ದೊಡ್ಡ ಪಾತ್ರೆ ತುಂಬಲು ಜಾಸ್ತಿ ಹೊತ್ತು ಬೇಕು, ಅಲ್ವಾ? ಅಳಿವೆಯಿಂದ ಬರುವ ಮರಳಿಗೂ ಒಂದು ಮಿತಿ ಇದೆ. ಹಾಗಂತ ಒಂದು ದಿನ ಎಲ್ಲ ಮುಳುಗಿ ಮಾಯವಾಗುವುದಿಲ್ಲ. ಮೊದಲು, ಕೆಸರು ನೀರಿನಿಂದ ಹೊರಗಿರುವ ಹೊತ್ತು ಕಡಿಮೆಯಾಗುತ್ತಾ ಹೋಗುತ್ತದೆ. ಅಲ್ಲಿ ಇಳಿದು ಹುಳ, ಚಿಪ್ಪಿ ಹೆಕ್ಕುವ ಲಕ್ಷಾಂತರ ವಲಸೆ ಹಕ್ಕಿಗಳಿಗೆ ಊಟದ ಟೈಮೇ ಮೊಟಕಾಗುತ್ತದೆ. ನಕ್ಷೆಯಲ್ಲಿ ಬಯಲು ಇದ್ದೇ ಇರುತ್ತದೆ, ಹಕ್ಕಿ ಮಾತ್ರ ಹಸಿದಿರುತ್ತದೆ.

ಇನ್ನೊಂದು ವಿಷಯವನ್ನು ಗೈಡ್ ಹೇಳಿರಲಿಕ್ಕಿಲ್ಲ. ಒಳಗೆ ಕೂರುವ ಮರಳು ಸುಮ್ನೆ ಬರುವುದಿಲ್ಲ, ಅಳಿವೆಯ ಹೊರಗಿನ ಮರಳದಿಬ್ಬ ಮತ್ತು ದ್ವೀಪಗಳ ಕಡಲತೀರ ಕರಗಿ ಬರುತ್ತದೆ. ಅದಕ್ಕೇ ಡಚ್ಚರು ಆಳ ಸಮುದ್ರದಿಂದ ಮರಳು ಎತ್ತಿ ತಂದು ತೀರಕ್ಕೆ ಸುರಿಯುತ್ತಾರೆ. 2001ರಿಂದ ಇಡೀ ಕರಾವಳಿಗೆ ವರ್ಷಕ್ಕೆ ಸುಮಾರು 1.2 ಕೋಟಿ ಘನ ಮೀಟರ್. 2018–19ರಲ್ಲಿ ಅಮೆಲಾಂಡ್ ಅಳಿವೆಯ ಹೊರಗೆ ಪ್ರಯೋಗಕ್ಕೆಂದೇ 50 ಲಕ್ಷ ಘನ ಮೀಟರ್ ಹಾಕಿದರು. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಹಿಡಿದರೆ 5 ಲಕ್ಷ ಟಿಪ್ಪರ್ ಆಯಿತು!

ಅಘನಾಶಿನಿಗೆ ಬರೋಣ. ಅಲ್ಲಿ ಮಣ್ಣು ಸಮುದ್ರದಿಂದಷ್ಟೇ ಬರುವುದಲ್ಲ, ಮಳೆಗಾಲದಲ್ಲಿ ಘಟ್ಟದಿಂದ ಹೊಳೆಯೂ ತರುತ್ತದೆ. ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದು ದೊಡ್ಡ ಪುಣ್ಯ. ಪಕ್ಕದ ಶರಾವತಿಯ ಮಣ್ಣು ಎಷ್ಟೋ ಲಿಂಗನಮಕ್ಕಿಯಲ್ಲೇ ಕೂತುಬಿಡುತ್ತದೆ. ನನಗೆ ಚಿಂತೆ ಇರುವುದು ಗಜನಿಯದ್ದು, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ತಗ್ಗು ಗದ್ದೆಗಳದ್ದು. ಕಟ್ಟೆ ಹಾಕಿ, ಬಾಗಿಲು ಮುಚ್ಚಿ ಕಗ್ಗ (ಉಪ್ಪು ತಾಳುವ ಭತ್ತ) ಬೆಳೆಯುವಾಗ ಉಪ್ಪುನೀರಿನ ಜೊತೆ ಅದು ತರುವ ಮಣ್ಣನ್ನೂ ಹೊರಗೇ ನಿಲ್ಲಿಸುತ್ತೇವೆ. ಹೊರಗಿನ ಕೆಸರು ಏರುತ್ತದೆ, ಒಳಗಿನ ಗದ್ದೆ ಇದ್ದಲ್ಲೇ ಇರುತ್ತದೆ. ಬೆಳೆ ಕೊಯ್ದ ಮೇಲೆ ಬಾಗಿಲು ತೆರೆದು ನೀರು ಬಿಡುವ ಹಳೇ ರೂಢಿ ಇದೆಯಲ್ಲ, ಮೀನು, ಸಿಗಡಿಗೆ ಅಂತ ಮಾಡುವುದಾದರೂ ಗದ್ದೆಗೆ ನಾಲ್ಕು ಬುಟ್ಟಿ ಮಣ್ಣೂ ಸಿಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯ ಯಾಕೆ? ಒಂದು ದೊಡ್ಡ ಒಡ್ಡು ಕಟ್ಟಿ ಸಮುದ್ರವನ್ನೇ ಮುಚ್ಚಬಾರದಾ?
— ಇನ್ನೊಬ್ಬ ಓದುಗರು

ಉತ್ತರ: ಡಚ್ಚರು ಕಟ್ಟಿದ್ದಾರಲ್ಲ! 1932ರಲ್ಲಿ 32 ಕಿ.ಮೀ. ಉದ್ದದ ಒಡ್ಡು ಹಾಕಿ ಝೈಡರ್ ಜೀ ಎಂಬ ಕೊಲ್ಲಿಯನ್ನೇ ಮುಚ್ಚಿ ಸಿಹಿನೀರಿನ ಕೆರೆ ಮಾಡಿದರು. ಒಳಗಿನ ಊರುಗಳು ಪ್ರವಾಹದಿಂದ ಬಚಾವಾದವು, ಅದು ಸಣ್ಣ ಮಾತಲ್ಲ. ಆದರೆ ಒಡ್ಡಿನ ಹೊರಗೆ ಉಳಿದ ವಾಡನ್ ಸಮುದ್ರದಲ್ಲಿ ಉಬ್ಬರ-ಇಳಿತದ ಅಂತರ ಜಾಸ್ತಿಯಾಯಿತು, ಹಳೆಯ ಕಾಲುವೆಗಳು ಅಗತ್ಯಕ್ಕಿಂತ ದೊಡ್ಡವಾಗಿ ಉಳಿದವು. ಅವು ಅವತ್ತಿನಿಂದ ಹತ್ತಾರು ಕೋಟಿ ಘನ ಮೀಟರ್ ಮರಳು ನುಂಗಿವೆ, ಇನ್ನೂ ತುಂಬಿಲ್ಲ.